ಗಾಳಕ್ಕೆ ಜೀವಂತ ಕಪ್ಪೆ ಬೇಡ, ರಬ್ಬರ್ ಕಪ್ಪೆ ಸಾಕು

ಮಾನ್ಯ ಸಂಪಾದಕರೇ,

ರೋಹಿಣಿ ಮಳೆ ಮುಗಿದು ಮಿರಗ ಕೂಡುವ ಹೊತ್ತಿಗೆ ನಮ್ಮ ಕೆರೆಗಳಲ್ಲಿ ಎರಡು ಸಂಗತಿ ಒಟ್ಟಿಗೇ ಶುರುವಾಗುತ್ತವೆ. ಮಣ್ಣಿನೊಳಗೆ ಬೇಸಿಗೆ ಕಳೆದ ಕಪ್ಪೆಗಳು ಎದ್ದು ಬಂದು ಕೂಗುತ್ತವೆ. ಕೊರವ ಮೀನಿನ ಆಸೆ ಇರುವವರು ಗಾಳ ಹೊರಗೆ ತೆಗೆಯುತ್ತಾರೆ. ಆಮೇಲೆ ಆ ಕಪ್ಪೆಯನ್ನೇ ಹಿಡಿದು ಈ ಗಾಳಕ್ಕೆ ಚುಚ್ಚುವುದು ಶುರುವಾಗುತ್ತದೆ. ಇದು ನಿಲ್ಲಬೇಕು ಅಂತ ಹೇಳಲಿಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಮೀನು ಹಿಡಿಯುವುದನ್ನೇ ಬಿಡಿ ಅಂತ ನಾನು ಹೇಳುತ್ತಿಲ್ಲ. ನಾನೂ ಗಾಳ ಹಾಕುವವನೇ, ಕೆರೆಯ ಒಡ್ಡಿನ ಮೇಲೆ ಬೆಳಗು ಕಳೆಯುವುದು ನನಗೆ ಪ್ರಾಣ. ಕಪ್ಪೆಯನ್ನು ಬಿಟ್ಟುಬಿಡಿ, ರಬ್ಬರ್ ಕಪ್ಪೆ ಕಟ್ಟಿ ಅಂತಷ್ಟೇ ನನ್ನ ಮಾತು.

ಇದು ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಸಂಜೆ ಹೊತ್ತು ಕೆರೆ ದಂಡೆಯಲ್ಲಿ, ಗದ್ದೆ ಬದುವಿನಲ್ಲಿ ಕಪ್ಪೆ ಹಿಡಿದು ಚೀಲಕ್ಕೆ ತುಂಬುತ್ತಾರೆ. ಬಿದಿರಿನ ಗಿಡ್ಡ ಕೋಲುಗಳನ್ನು ಆಪು, ಜೇಕು ಬೆಳೆದ ಅಂಚಿನಲ್ಲಿ ಸಾಲಾಗಿ ನೆಡುತ್ತಾರೆ. ಪ್ರತಿ ಕೋಲಿಗೂ ಗಟ್ಟಿ ದಾರ, ದಾರದ ತುದಿಗೆ ಕೊಕ್ಕೆ, ಕೊಕ್ಕೆಗೆ ಕಪ್ಪೆ. ಕಪ್ಪೆ ಬೇಗ ಸಾಯಬಾರದು, ನೀರಿನ ಮೇಲೆ ಕಾಲು ಬಡಿಯುತ್ತಾ ಇರಬೇಕು ಅಂತ ಬೆನ್ನಿನ ಚರ್ಮಕ್ಕೋ ತೊಡೆಗೋ ಚುಚ್ಚುತ್ತಾರೆ. ಹಾಗಾಗಿ ಅದು ತಾಸುಗಟ್ಟಲೆ ಬದುಕಿರುತ್ತದೆ. ರಾತ್ರಿಯಿಡೀ. ಬೆಳಿಗ್ಗೆ ಬಂದು ನೋಡಿದಾಗ ಕೆಲವು ಕೋಲಿಗೆ ಮೀನು ಇರುತ್ತದೆ, ಉಳಿದದ್ದರಲ್ಲಿ ಸತ್ತ ಕಪ್ಪೆ. ಇಷ್ಟೇ ಆಗಿದ್ದರೂ ಸಾಕಿತ್ತು ನನಗೆ ಬೇಜಾರಾಗಲು. ಆದರೆ ಕಾವಲಿಲ್ಲದ ಈ ಗಾಳಗಳಿಗೆ ಆಮೆಯೂ ಬೀಳುತ್ತದೆ, ನೀರುಹಾವೂ ಬೀಳುತ್ತದೆ. ನಮ್ಮ ಕೆರೆಗಳಲ್ಲಿರುವ ಮೆತ್ತನೆ ಚಿಪ್ಪಿನ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ, ಅಂದರೆ ಹುಲಿಗೆ ಇರುವ ಪಟ್ಟಿಯಲ್ಲೇ. ಅದು ಕೊಕ್ಕೆ ನುಂಗಿ ನೀರಿನೊಳಗೇ ಸಿಕ್ಕಿಕೊಂಡರೆ ಮೇಲೆ ಬಂದು ಉಸಿರು ತೆಗೆದುಕೊಳ್ಳಲು ಆಗದೆ ಸಾಯುತ್ತದೆ. ಕೋಲು ನೆಟ್ಟವನು ಆ ಹೊತ್ತಿಗೆ ಮನೆಯಲ್ಲಿ ಮಲಗಿರುತ್ತಾನೆ.

ಕಪ್ಪೆ ಹೋದರೆ ಏನಾಗುತ್ತದೆ ಅಂತ ಈ ದೇಶ ಒಮ್ಮೆ ನೋಡಿದೆ. 1970, 80ರ ದಶಕಗಳಲ್ಲಿ ಕಪ್ಪೆ ಕಾಲುಗಳನ್ನು ಕಡಿದು ಹೊರದೇಶಕ್ಕೆ ಕಳಿಸುವ ದೊಡ್ಡ ವ್ಯಾಪಾರವೇ ಇತ್ತು. ಹೊಲಗದ್ದೆಗಳಿಂದ ದೊಡ್ಡ ಗೋಂಕರ ಕಪ್ಪೆಗಳು ಗೋಣಿಚೀಲದಲ್ಲಿ ಹೋದವು. ಬೆಳೆಗೆ ಬೀಳುವ ಹುಳು ತಿನ್ನುವ ಜೀವವನ್ನು ಮಾರಿ, ಅದೇ ಹುಳುವಿಗೆ ಔಷಧ ಕೊಳ್ಳುವ ಸ್ಥಿತಿ ಬಂತು ಅಂತ ತಿಳಿದವರು ಗಲಾಟೆ ಮಾಡಿದ ಮೇಲೆ 1987ರಲ್ಲಿ ಸರ್ಕಾರ ಆ ರಫ್ತು ನಿಲ್ಲಿಸಿತು. ಮಳೆ ಬರಲಿಲ್ಲ ಅಂದರೆ ಕಪ್ಪೆಗಳಿಗೆ ಮದುವೆ ಮಾಡುವ ಊರುಗಳು ನಮ್ಮವು. ಅರಿಶಿನ ಹಚ್ಚಿ, ಬಾಸಿಂಗ ಕಟ್ಟಿ, ಊಟ ಹಾಕಿಸುತ್ತೇವೆ. ಗೋಂಕರ ಕಪ್ಪೆ ಗಂಡು ಮೊದಲ ಮಳೆಗೆ ಹಳದಿ ಬಣ್ಣಕ್ಕೆ ತಿರುಗಿ, ಗಂಟಲ ಎರಡೂ ಕಡೆ ನೀಲಿ ಚೀಲ ಉಬ್ಬಿಸಿ ಕೂಗುವುದನ್ನು ನೋಡಿದವರಿಗೆ ಗೊತ್ತು, ಅದು ಎಷ್ಟು ಚಂದ ಅಂತ. ವರ್ಷದಲ್ಲಿ ಮೊಟ್ಟೆ ಇಡಲು ಅದಕ್ಕೆ ಸಿಗುವ ದಿನಗಳೇ ಕಡಿಮೆ. ಅದೇ ದಿನಗಳಲ್ಲಿ ನಾವು ಟಾರ್ಚ್ ಹಿಡಿದು ಅದರ ಕೂಗನ್ನೇ ಜಾಡು ಮಾಡಿಕೊಂಡು ಹಿಡಿಯುತ್ತೇವೆ.

ಈಗ ರಬ್ಬರ್ ಕಪ್ಪೆಯ ಮಾತು. ಇದು ಅಮೆರಿಕದವರು ಲಾರ್ಜ್‌ಮೌತ್ ಬಾಸ್ ಅನ್ನುವ ಮೀನಿಗಾಗಿ ಬೆಳೆಸಿದ ವಿದ್ಯೆ. ಹೆಸರೇ ಹೇಳುವಂತೆ ದೊಡ್ಡ ಬಾಯಿ, ಹಸಿರು ಮೈ, ಪಕ್ಕದಲ್ಲಿ ಕಪ್ಪು ಪಟ್ಟಿ. ಬಿಸಿಲಿನ ದಿನಗಳಲ್ಲಿ ಆ ಮೀನು ನೀರಿನ ಮೇಲೆ ಹಾಸಿದ ಕಳೆಯ ಕೆಳಗೆ ನೆರಳಿನಲ್ಲಿ ನಿಂತು, ಮೇಲೆ ಏನಾದರೂ ಅಲುಗಾಡಿತಾ ಅಂತ ಕಾಯುತ್ತದೆ. ಅಲ್ಲಿಗೆ ಮಾಮೂಲಿ ಗಾಳ ಎಸೆದರೆ ಕಳೆಗೆ ಸಿಕ್ಕಿ ನಿಂತುಬಿಡುತ್ತದೆ. ಅವರೂ ಮೊದಲು ಜೀವಂತ ಕಪ್ಪೆಯನ್ನೇ ಕಟ್ಟುತ್ತಿದ್ದರು. 19ನೇ ಶತಮಾನದ ಕೊನೆಗೆ ಮಿಶಿಗನ್ ರಾಜ್ಯದ ಜೇಮ್ಸ್ ಹೆಡನ್ ಎಂಬಾತ ಮರದಲ್ಲಿ ಕಪ್ಪೆ ಕೆತ್ತಿ ಬಾಸ್ ಹಿಡಿದ. ಆಮೇಲೆ ಒಳಗೆ ಟೊಳ್ಳಾದ ಮೆತ್ತನೆಯ ಕಪ್ಪೆಗಳು ಬಂದವು. ಈಗ ಎಲ್ಲ ಕಡೆ ಸಿಗುವುದು ಅದೇ ಮಾದರಿ.

ಅದರ ಕಟ್ಟಣಿಕೆ ಬಹಳ ಜಾಣತನದ್ದು. ಹೆಬ್ಬೆರಳಿಗಿಂತ ತುಸು ದಪ್ಪ, ಸುಮಾರು 6 ಸೆಂಟಿಮೀಟರ್ ಉದ್ದ. ಒಳಗೆ ಗಾಳಿ, ಹಾಗಾಗಿ ತೇಲುತ್ತದೆ. ಹಿಂಭಾಗದಲ್ಲಿ ಎರಡು ಕೊಕ್ಕೆ ಮೇಲ್ಮುಖವಾಗಿ ಬಾಗಿ ಬೆನ್ನಿಗೆ ಅಂಟಿಕೊಂಡಂತೆ ಕೂತಿರುತ್ತವೆ. ಕಳೆಯ ಮೇಲೆ ಎಳೆದಾಗ ಮೆತ್ತನೆ ಮೈ ಕೊಕ್ಕೆಯ ತುದಿಯನ್ನು ಮುಚ್ಚಿಕೊಂಡು ಜಾರುತ್ತದೆ, ಎಲ್ಲೂ ಸಿಕ್ಕುವುದಿಲ್ಲ. ಮೀನು ಕಚ್ಚಿದ ಕೂಡಲೇ ಆ ಮೈ ಕುಸಿದು ಕೊಕ್ಕೆ ಹೊರಗೆ ಬರುತ್ತದೆ. ಹಿಂದೆ ಎರಡು ಕಾಲಿನ ಬದಲಿಗೆ ರಬ್ಬರ್ ಎಳೆಗಳ ಎರಡು ಗೊಂಚಲು ಇರುತ್ತವೆ. ಆ ಎಳೆಗಳನ್ನು ಒಂದರಲ್ಲಿ ತುಸು ಗಿಡ್ಡ ಕತ್ತರಿಸಿ, ಇನ್ನೊಂದರಲ್ಲಿ ಹಾಗೇ ಬಿಟ್ಟರೆ ಕಪ್ಪೆ ನೀರಿನ ಮೇಲೆ ಎಡಕ್ಕೆ ಬಲಕ್ಕೆ ತಿರುಗುತ್ತಾ ಬರುತ್ತದೆ. ಕೋಲಿನ ತುದಿಯನ್ನು ಕೆಳಗಿಟ್ಟು ಸಣ್ಣ ಸಣ್ಣ ಜಗ್ಗು ಕೊಡಬೇಕು, ನಡುವೆ ದಾರ ಸಡಿಲ ಬಿಡಬೇಕು. ಕಳೆ ಬಿಟ್ಟುಹೋದ ತೂತು ಸಿಕ್ಕಿದ ಕಡೆ ನಿಲ್ಲಿಸಿ ಕಾಯಬೇಕು. ಮೀನು ಎದ್ದು ಹೊಡೆಯುವುದು ಬಹುಪಾಲು ಆ ನಿಂತ ಗಳಿಗೆಯಲ್ಲೇ. ಬಣ್ಣದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬೆನ್ನ ಮೇಲಿನ ಚಿತ್ರವೆಲ್ಲ ಕೊಳ್ಳುವವನಿಗೆ, ಮೀನಿಗೆ ಕಾಣುವುದು ಹೊಟ್ಟೆ ಮಾತ್ರ. ಬಿಳಿ ಹೊಟ್ಟೆಯದೊಂದು, ಕಪ್ಪು ಹೊಟ್ಟೆಯದೊಂದು ಇದ್ದರೆ ಸಾಕು.

"ರಬ್ಬರ್ ಕಪ್ಪಿಗೆ ನಮ್ಮ ಮೀನ ಬೀಳತಾವೇನ್ರಿ ಅಣ್ಣಾರ?" ಅಂತ ಕೆರೆ ಮೇಲೆ ಹುಡುಗರು ಕೇಳುತ್ತಾರೆ. ಬೀಳುತ್ತವೆ. ಚೆನ್ನಾಗಿ ಬೀಳುತ್ತವೆ. ಇದಕ್ಕೆ ಸಾಕ್ಷಿ ಅಮೆರಿಕದಲ್ಲೇ ಇದೆ. ನಮ್ಮ ನದಿಗಳಲ್ಲಿರುವ ದೊಡ್ಡ ಜಾತಿಯ ಕೊರವವನ್ನೇ ಹೋಲುವ ಮೀನು, ಬಾಲದ ಬುಡದಲ್ಲಿ ಕಣ್ಣಿನಂಥ ಗುರುತು ಇರುವಂಥದ್ದು, ಯಾರೋ ತಂದು ಬಿಟ್ಟ ಕಾರಣಕ್ಕೆ ಈಗ ಫ್ಲೋರಿಡಾದ ಕಾಲುವೆಗಳಲ್ಲಿ ಬೆಳೆಯುತ್ತಿದೆ. ಪೊಟೊಮ್ಯಾಕ್ ನದಿಯಲ್ಲಿ ಅದರ ಚೀನಾ ಕಡೆಯ ದಾಯಾದಿ ಇದೆ. ಅಲ್ಲಿನವರು ಬಾಸ್‌ಗೆ ಬಳಸುವ ಅದೇ ರಬ್ಬರ್ ಕಪ್ಪೆಯಲ್ಲಿ ಅವನ್ನು ಹಿಡಿಯುತ್ತಿದ್ದಾರೆ. ಇತ್ತ ಥಾಯ್ಲೆಂಡ್, ಮಲೇಷ್ಯಾದ ಹಳ್ಳಿಗರು ಕೊರವಕ್ಕೆಂದೇ ಚಿಕ್ಕ ಕಪ್ಪೆ ಮಾಡಿಕೊಂಡಿದ್ದಾರೆ, ಹಿಂದೆ ಮಿನುಗುವ ತಗಡಿನ ತುಂಡು ತಿರುಗುತ್ತಿರುತ್ತದೆ.

ಬಾಸ್ ಬೇರೆ, ಕೊರವ ಬೇರೆ. ಅಲ್ಲಿನ ವಿಡಿಯೊ ನೋಡಿ ಇಲ್ಲಿ ಹಾಗೇ ಮಾಡಲು ಹೋಗುವವರು ಎಡವುವುದು ಇಲ್ಲೇ. ಬಾಸ್ ಬಾಯಿ ಅಗಲಿಸಿ ನೀರಿನ ಜೊತೆಗೇ ಕಪ್ಪೆಯನ್ನು ಒಳಗೆ ಹೀರಿಕೊಳ್ಳುತ್ತದೆ. ಕೊರವಕ್ಕೆ ಚೂಪು ಹಲ್ಲಿದೆ, ಅದು ಕಚ್ಚಿ ಹಿಡಿಯುತ್ತದೆ, ಆಮೇಲೆ ತಿರುಗಿಸಿಕೊಂಡು ನುಂಗುತ್ತದೆ. ಹಾಗಾಗಿ ನೀರು ಚಿಮ್ಮಿದ ಸದ್ದಿಗೆ ಎದೆ ಹಾರಿ ಕೋಲು ಎಳೆದರೆ ಕಪ್ಪೆ ಬಾಯಿಂದ ಹಾರಿ ನಿಮ್ಮ ಕಡೆಗೇ ಬರುತ್ತದೆ. ಕಾಯಬೇಕು. ಕೋಲು ಕೆಳಗಿಟ್ಟು, ದಾರ ಸರಿಯುವುದನ್ನು ನೋಡಿ, ಕೈಗೆ ಭಾರ ಗೊತ್ತಾದ ಮೇಲೆ ಗಟ್ಟಿಯಾಗಿ ಎಳೆಯಬೇಕು. ಕಪ್ಪೆ ಚಿಕ್ಕದಿದ್ದಷ್ಟೂ ಒಳ್ಳೆಯದು, 4ರಿಂದ 5 ಸೆಂಟಿಮೀಟರಿನದು ನಮ್ಮ ಕೆರೆಗಳ ಒಂದು-ಒಂದೂವರೆ ಕಿಲೊ ಮೀನಿಗೆ ಸರಿಯಾಗುತ್ತದೆ. ಹೊಸ ಕಪ್ಪೆಯ ಕೊಕ್ಕೆಗಳನ್ನು ಇಕ್ಕಳದಿಂದ ಕೂದಲೆಳೆಯಷ್ಟು ಹೊರಗೆ ಬಗ್ಗಿಸಿದರೆ ಬಿದ್ದ ಮೀನು ತಪ್ಪಿಸಿಕೊಳ್ಳುವುದು ಕಡಿಮೆಯಾಗುತ್ತದೆ. ದಾರ ಹೆಣೆದದ್ದೇ ಇರಬೇಕು, ಅಂಗಡಿಯಲ್ಲಿ ಬ್ರೇಡ್ ಅಂತ ಕೇಳಿ. ಅಮೆರಿಕದವರು 65 ಪೌಂಡ್ ಭಾರ ತಡೆಯುವ ದಾರ ಹಾಕುತ್ತಾರೆ. ನಮಗೆ 30ರಿಂದ 50 ಪೌಂಡ್ ಸಾಕು. ತೆಳು ಪ್ಲಾಸ್ಟಿಕ್ ತಂತಿ ಹಿಗ್ಗುತ್ತದೆ, ಮೀನು ಕಳೆಯ ಬೇರಿಗೆ ಸುತ್ತಿಕೊಂಡರೆ ಕಡಿದುಹೋಗುತ್ತದೆ, ಬಾಯಲ್ಲಿ ಕೊಕ್ಕೆ ಇಟ್ಟುಕೊಂಡೇ ಮೀನು ಹೋಗುತ್ತದೆ. ಇದು ಮೀನು ತಪ್ಪಿತು ಅನ್ನುವ ದುಃಖದ ವಿಷಯ ಮಾತ್ರ ಅಲ್ಲ, ಆ ಮೀನಿಗೆ ಮಾಡುವ ಅನ್ಯಾಯ. ಕೊಕ್ಕೆಯ ತುದಿ ಹಿಂದಿನ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಲಗಿಸಿಬಿಟ್ಟರೆ ಬೇಡದ ಮೀನನ್ನು ಹೆಚ್ಚು ಗಾಯವಾಗದಂತೆ ಬಿಡಿಸಬಹುದು.

ಎಲ್ಲಿ ಎಸೆಯಬೇಕು ಅಂತ ಕೊರವವೇ ತೋರಿಸುತ್ತದೆ. ಅದು ಗಾಳಿ ಕುಡಿಯುವ ಮೀನು. ತಲೆಯೊಳಗೆ, ಕಿವಿರಿನ ಮೇಲ್ಗಡೆ ಉಸಿರಿಗೆಂದೇ ಒಂದು ಗೂಡಿದೆ. ನೀರಿನಲ್ಲಿ ಉಸಿರು ಕಮ್ಮಿಯಾದ, ಬೇರೆ ಮೀನು ಸಾಯುವಂಥ ರಾಡಿ ಕೆರೆಯಲ್ಲೂ ಅದು ಬದುಕುತ್ತದೆ. ಕೆರೆ ಬತ್ತಿದರೆ ಕೆಸರಿನೊಳಗೆ ಹುದುಗಿ ಮಳೆಗೆ ಕಾಯುತ್ತದೆ. ಆದರೆ ಮೇಲೆ ಬಂದು ಗಾಳಿ ತೆಗೆದುಕೊಳ್ಳಲು ಬಿಡದಿದ್ದರೆ ಮೀನಾಗಿದ್ದೂ ಮುಳುಗಿ ಸಾಯುತ್ತದೆ. ಆ ಕಾರಣಕ್ಕೆ ಅದು ಆಗಾಗ ಮೇಲೆ ಬರಲೇಬೇಕು. ನಸುಕಿನಲ್ಲಿ ಗಾಳಿ ಇಲ್ಲದ ಹೊತ್ತು ಒಡ್ಡಿನ ಮೇಲೆ ಸುಮ್ನೆ ನಿಂತು ನೋಡಿ. ತಾವರೆ ಎಲೆಗಳ ನಡುವೆ ಪುಳಕ್ ಅಂತ ಒಂದು ಸದ್ದು, ಒಂದು ಉಂಗುರ, ಎರಡು ಗುಳ್ಳೆ. ಅಲ್ಲಿಂದ ಮಾರು ದೂರ ಆಚೆಗೆ ಕಪ್ಪೆ ಎಸೆದು ಎಲೆಯ ಮೇಲೆ ಹತ್ತಿಸಿ, ಮೆಲ್ಲಗೆ ಜಾರಿಸಿ ನೀರಿಗೆ ಬಿಡಿ. ಜೀವಂತ ಕಪ್ಪೆಯ ಕೋಲು ನೆಟ್ಟು ಮನೆಗೆ ಹೋದವನಿಗೆ ಈ ಸುಖ ಒಂದಾದರೂ ಸಿಗುತ್ತದಾ ಹೇಳಿ.

ದುಡ್ಡಿನ ಮಾತು ಬರುತ್ತದೆ. ಕಪ್ಪೆ ಪುಕ್ಕಟೆ, ರಬ್ಬರಿನದಕ್ಕೆ ದುಡ್ಡು ಕೊಡಬೇಕು ಅಂತ. ನಿಜ. ಎರಡು-ಮೂರು ನೂರು ರೂಪಾಯಿ ಆಗುತ್ತದೆ. ಕೊರವದ ಹಲ್ಲಿಗೆ ಮೈ ಹರಿಯುವುದೂ ಉಂಟು, ಆಗ ಒಳಗೆ ನೀರು ತುಂಬಿ ಮುಳುಗುತ್ತದೆ. ಹಿಂಡಿ ನೀರು ತೆಗೆದು, ಒಣಗಿಸಿ, ತೂತಿಗೆ ಅಂಟು ಹಚ್ಚಿದರೆ ಮತ್ತೆ ನಡೆಯುತ್ತದೆ. ಆದರೆ ಸಂಪಾದಕರೇ, ಭಾನುವಾರ ಬೈಕಿನಲ್ಲಿ ಕೆರೆಗೆ ಬರುವ ನಮ್ಮಂಥವರು ಪೆಟ್ರೋಲಿಗೆ, ಚಹಾಕ್ಕೆ, ಗಿರಮಿಟ್ಟಿಗೆ ಖರ್ಚು ಮಾಡುವುದು ಇದಕ್ಕಿಂತ ಜಾಸ್ತಿ. ಹೊಟ್ಟೆಪಾಡಿಗೆ ಮೀನು ಹಿಡಿಯುವವರಿಗೆ ನಾನು ಪಾಠ ಹೇಳಲು ಬಂದಿಲ್ಲ. ಅವರ ಬಲೆ, ತೆಪ್ಪ, ಹರಿಗೋಲು, ಅವರ ಲೆಕ್ಕವೇ ಬೇರೆ. ಕೆರೆಯ ಬಗ್ಗೆ ಅವರಿಗೆ ನಮಗಿಂತ ಜಾಸ್ತಿ ಗೊತ್ತು. ನನ್ನ ಮಾತು ಹವ್ಯಾಸಕ್ಕೆ ಗಾಳ ಹಾಕುವವರಿಗೆ, ಅದರಲ್ಲೂ ಹುಬ್ಬಳ್ಳಿ, ಧಾರವಾಡದ ಪೇಟೆಯಿಂದ ಹಳ್ಳಿ ಕೆರೆಗಳಿಗೆ ಹೋಗುವ ನಮ್ಮ ಹುಡುಗರಿಗೆ.

ಇನ್ನು ರಬ್ಬರ್ ಕಪ್ಪೆ ಹಿಡಿದವರಿಗೇ ಹೇಳಬೇಕಾದ ಒಂದು ಮಾತಿದೆ. ನನಗೆ ಇದು ಎಲ್ಲಕ್ಕಿಂತ ದೊಡ್ಡದು.

ಮಳೆಗಾಲದಲ್ಲಿ ಕೊರವ ಮರಿ ಮಾಡುತ್ತದೆ. ಅಂಚಿನ ಜೊಂಡನ್ನು ಬಾಯಿಂದ ಸರಿಸಿ ತಟ್ಟೆಯಷ್ಟು ಜಾಗ ಮಾಡಿಕೊಂಡು ಅಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆ ನೀರಿನ ಮೇಲೆ ತೇಲುತ್ತವೆ. ಅಪ್ಪ-ಅಮ್ಮ ಕೆಳಗೆ ನಿಂತು ಕಾಯುತ್ತವೆ. ಒಂದೆರಡು ದಿನದಲ್ಲಿ ಮೊಟ್ಟೆ ಒಡೆದು, ಸಾವಿರಾರು ಮರಿಗಳು ಒಂದೇ ಗುಂಪಾಗಿ ತಿರುಗುತ್ತವೆ. ಕಿತ್ತಳೆ ಕೆಂಪಿನ ಬಣ್ಣ, ನೀರು ಕುದಿಯುತ್ತಿದೆಯೇನೋ ಅನ್ನುವ ಹಾಗೆ ಒಟ್ಟಿಗೇ ಮೇಲೆ ಬಂದು ಗಾಳಿ ಕುಡಿದು ಕೆಳಗಿಳಿಯುತ್ತವೆ. ವಾರಗಟ್ಟಲೆ ದೊಡ್ಡ ಮೀನು ಅವುಗಳ ಬುಡದಲ್ಲೇ ಇರುತ್ತದೆ. ಹತ್ತಿರ ಏನು ಬಂದರೂ ಹೊಡೆದು ಓಡಿಸುತ್ತದೆ. ಹಸಿವಿಗಲ್ಲ, ಸಿಟ್ಟಿಗೆ.

ಈ ಸಿಟ್ಟೇ ಗಾಳದವನಿಗೆ ಸುಲಭದ ದಾರಿ. ಕೆಂಪು ಗುಂಪು ಕಂಡ ಕೂಡಲೇ ಅದರ ನಡುವೆ ಕಪ್ಪೆ ಎಸೆದರೆ ಒಂದನೇ ಸಲಕ್ಕೋ ಎರಡನೇ ಸಲಕ್ಕೋ ದೊಡ್ಡ ಮೀನು ಬಿದ್ದೇ ಬೀಳುತ್ತದೆ. ಇದನ್ನು ದೊಡ್ಡ ಕಸುಬು ಅನ್ನುವಂತೆ ವಿಡಿಯೊ ಮಾಡಿ ಹಾಕುವವರಿದ್ದಾರೆ. ಕಸುಬು ಏನೂ ಇಲ್ಲ ಅದರಲ್ಲಿ. ಕಾವಲಿಗೆ ನಿಂತವನು ಜಾಗ ಬಿಟ್ಟು ಹೋಗುವುದಿಲ್ಲ ಅನ್ನುವುದನ್ನೇ ಬಳಸಿಕೊಂಡು ಅವನನ್ನು ಹಿಡಿಯುವುದು ಅಷ್ಟೇ. ಆ ಮೀನು ಹೋದ ಮೇಲೆ ಮರಿಗಳಿಗೆ ಯಾರೂ ಇಲ್ಲ. ಜಿಲೇಬಿ ಮೀನು, ನೀರುಹಾವು, ಬೆಳ್ಳಕ್ಕಿ, ನೀರುಕಾಗೆ ಎಲ್ಲವೂ ಬರುತ್ತವೆ. ಒಂದು ಮೀನಿನ ಸಾರಿಗೆ ಮುಂದಿನ ಎರಡು ಮೂರು ವರ್ಷದ ಬೆಳೆ ಹೋಗುತ್ತದೆ.

ಬಾಸ್ ಕೂಡ ಹೀಗೇ. ಗಂಡು ಬಾಸ್ ನೆಲದಲ್ಲಿ ಬಾಲದಿಂದ ಗುಳಿ ಮಾಡಿ ಮೊಟ್ಟೆ ಕಾಯುತ್ತದೆ, ಒಡೆದ ಮರಿಗಳನ್ನೂ ಕಾಯುತ್ತದೆ. ಅದಕ್ಕೇ ಕೆನಡಾದ ಒಂಟಾರಿಯೊ ಪ್ರಾಂತ್ಯದ ದಕ್ಷಿಣ ಭಾಗದಲ್ಲಿ ಹೆಚ್ಚಿನ ಕಡೆ ಮರಿ ಮಾಡುವ ಕಾಲಕ್ಕೆ ಬಾಸ್ ಹಿಡಿಯುವಂತಿಲ್ಲ, ಜೂನ್ ತಿಂಗಳಿನಲ್ಲಷ್ಟೇ ಹಂಗಾಮು ತೆರೆಯುತ್ತದೆ. ಗಾಳದ ಆಟವನ್ನು ಅಷ್ಟು ಪ್ರೀತಿಸುವ ಜನ ಆ ತಿಂಗಳುಗಳಲ್ಲಿ ಸುಮ್ಮನಿರುತ್ತಾರೆ. ಅವರಿಂದ ಕಪ್ಪೆಯನ್ನಷ್ಟೇ ತರಿಸಿಕೊಂಡರೆ ಸಾಲದು, ಈ ತಾಳ್ಮೆಯನ್ನೂ ತರಿಸಿಕೊಳ್ಳಬೇಕು ಅಲ್ವಾ?

ಬಾಸ್ ಮೀನನ್ನು ಮಾತ್ರ ತರಿಸಿಕೊಳ್ಳುವುದು ಬೇಡ. ಇಲ್ಲಿನ ಕೆರೆಗಳಿಗೂ ಬಾಸ್ ತಂದು ಬಿಟ್ಟರೆ ಎಷ್ಟು ಚೆನ್ನ ಅಂತ ಮಾತಾಡುವವರನ್ನು ಕೇಳಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ. ಜಪಾನಿನವರು 1925ರಲ್ಲಿ ಆಶಿ ಕೆರೆಗೆ ಬಾಸ್ ತಂದು ಬಿಟ್ಟರು. ಅದು ದೇಶದ ತುಂಬ ಹಬ್ಬಿತು. ಅವರ ಅತಿ ದೊಡ್ಡ ಸರೋವರ ಬಿವಾದಲ್ಲಿ 2009ರಲ್ಲಿ ಮನಾಬು ಕುರಿಟಾ ಎಂಬಾತ 10 ಕಿಲೊ ಮೀರಿದ ಬಾಸ್ ಹಿಡಿದು, 1932ರಿಂದ ಅಮೆರಿಕದ ಜಾರ್ಜಿಯಾ ರಾಜ್ಯದ ಹೆಸರಿನಲ್ಲಿದ್ದ ವಿಶ್ವದಾಖಲೆಯನ್ನು ಸರಿಗಟ್ಟಿದ. ಕೇಳಲಿಕ್ಕೆ ಹೆಮ್ಮೆ ಅನಿಸಬಹುದು. ಆದರೆ ಅದೇ ಬಿವಾದ ಮೂಲ ಮೀನುಗಳನ್ನು ಬಾಸ್ ತಿಂದುಹಾಕುತ್ತಿದೆ ಅಂತ ಅಲ್ಲಿನ ಆಡಳಿತ 2003ರಿಂದ ಹಿಡಿದ ಬಾಸನ್ನು ಮತ್ತೆ ನೀರಿಗೆ ಬಿಡುವುದನ್ನೇ ನಿಷೇಧಿಸಿದೆ. ಬಾಸನ್ನು ಜೀವಂತವಾಗಿ ಸಾಗಿಸಿ ಬೇರೆ ಕಡೆ ಬಿಡುವುದನ್ನು ತಡೆಯುವ ಕಾಯ್ದೆ 2005ರಲ್ಲಿ ಇಡೀ ದೇಶಕ್ಕೆ ಬಂತು. ನಮ್ಮಲ್ಲಿ 1952ರಲ್ಲಿ ತಂದ ಜಿಲೇಬಿ ಮೀನು ಇವತ್ತು ಯಾವ ಕೆರೆಯಲ್ಲಿ ಇಲ್ಲ? ಅದರ ಕಾಟ ಸಾಕು. ಕಳೆಯೊಳಗೆ ನಿಂತು ಕಪ್ಪೆಗೆ ಎದ್ದು ಹೊಡೆಯುವ ಮೀನು ನಮಗೆ ಬೇಕಿದ್ದರೆ ಅದು ನಮ್ಮಲ್ಲೇ ಇದೆ. ಪಕ್ಕದ ತೆಲಂಗಾಣದವರು ಅದನ್ನೇ ತಮ್ಮ ರಾಜ್ಯದ ಮೀನು ಮಾಡಿಕೊಂಡಿದ್ದಾರೆ.

ಕೆರೆ ಗುತ್ತಿಗೆ ಹಿಡಿದವರಿಗೆ ಕೊರವ ಕಂಡರೆ ಆಗುವುದಿಲ್ಲ, ಅದೂ ನನಗೆ ಗೊತ್ತು. ಅವರು ದುಡ್ಡು ಹಾಕಿ ಕಾಟ್ಲಾ, ರೋಹು, ಗೌರಿ ಮರಿ ಬಿಟ್ಟಿರುತ್ತಾರೆ. ಕೊರವ ಆ ಮರಿಗಳನ್ನು ತಿನ್ನುತ್ತದೆ. ತಿನ್ನುವುದಿಲ್ಲ ಅಂತ ನಾನು ವಾದ ಮಾಡುವುದಿಲ್ಲ. ಆದರೆ ಅದು ಜಿಲೇಬಿ ಮರಿಗಳನ್ನೂ ತಿನ್ನುತ್ತದೆ, ಪೇಟೆಯಲ್ಲಿ ಅದಕ್ಕೆ ಕಾಟ್ಲಾಕ್ಕಿಂತ ಬೆಲೆಯೂ ಜಾಸ್ತಿ. ಬೆರಳುದ್ದ ಆದ ಮೇಲೆ ಮರಿ ಬಿಟ್ಟರೆ ನಷ್ಟ ಕಡಿಮೆ ಅಂತ ಅನುಭವ ಇದ್ದವರೇ ಹೇಳುತ್ತಾರೆ. ಗಾಳದವರು ಇಂಥ ಕೆರೆಗೆ ಹೋದರೆ ಗುತ್ತಿಗೆದಾರರನ್ನೋ ಮೀನುಗಾರರ ಸಂಘದವರನ್ನೋ ಕೇಳಿಯೇ ಇಳಿಯಬೇಕು. ಕೊರವವನ್ನಷ್ಟೇ ಹಿಡಿಯುತ್ತೇವೆ ಅಂದರೆ ಬಹಳ ಕಡೆ ಅವರೇ ಸಂತೋಷದಿಂದ ಬಿಡುತ್ತಾರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಮಾತ್ರ ಗಾಳ ತೆಗೆದುಕೊಂಡು ಹೋಗಲೇಬೇಡಿ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. 2024ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಆ ನೀರು ಹಕ್ಕಿಗಳಿಗೆ ಇರಲಿ.

ಕಳೆಯ ವಿಷಯವನ್ನೂ ಇಲ್ಲೇ ಹೇಳಬೇಕು, ಯಾಕೆಂದರೆ ಕಪ್ಪೆಗೂ ಕೊರವಕ್ಕೂ ಮನೆ ಅದೇ. ಕೆರೆ ಸ್ವಚ್ಛ ಮಾಡುತ್ತೇವೆ ಅಂತ ಜೆಸಿಬಿ ಇಳಿಸಿದಾಗ ಎಲ್ಲ ಹಸಿರನ್ನೂ ಒಂದೇ ತಕ್ಕಡಿಯಲ್ಲಿ ಹಾಕುತ್ತಾರೆ. ಜಲಕುಂಭಿ ದಕ್ಷಿಣ ಅಮೆರಿಕದಿಂದ ಬಂದದ್ದು. ಊರಿನ ಕೊಳಚೆ ನೀರು ಸೇರಿದ ಕಡೆ ಕೆಲವೇ ವಾರದಲ್ಲಿ ಇಮ್ಮಡಿಯಾಗುತ್ತದೆ. ಇಡೀ ನೀರನ್ನು ಮುಚ್ಚಿ, ಬೆಳಕು ಬಿಡದೆ, ಕೆಳಗೆ ಕೊಳೆಯುವಂತೆ ಮಾಡುತ್ತದೆ. ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ಅದನ್ನು ಎಲ್ಲರೂ ನೋಡಿದ್ದೇವೆ. ಅದನ್ನು ತೆಗೆಯಲೇಬೇಕು, ಕೊಳಚೆಯ ಬಾಯಿಯನ್ನೂ ಮುಚ್ಚಬೇಕು. ಆದರೆ ಅಂಚಿನ ಜೇಕು, ಆಪು, ತಾವರೆ, ನೈದಿಲೆ ಬೇರೆ. ಅವು ಇದ್ದರೇ ಕಪ್ಪೆ ಮೊಟ್ಟೆ ಅಂಟಿಸುತ್ತದೆ, ಕೊರವ ಗೂಡು ಮಾಡುತ್ತದೆ, ಒಡ್ಡಿನ ಮಣ್ಣು ತೆರೆಗೆ ಕೊಚ್ಚುವುದಿಲ್ಲ. ಸುತ್ತಲೂ ಕಲ್ಲು ಜೋಡಿಸಿ, ಕಟ್ಟೆ ಕಟ್ಟಿ, ನಡೆದಾಡುವ ದಾರಿ ಮಾಡಿ, ದೀಪ ಹಾಕಿದ ಕೆರೆ ನೋಡಲು ಚಂದ. ಮಳೆಗಾಲದ ರಾತ್ರಿ ಅಲ್ಲಿ ನಿಂತು ಕಿವಿ ಕೊಡಿ, ಒಂದು ಕಪ್ಪೆಯೂ ಕೂಗುವುದಿಲ್ಲ.

ಹುಡುಗರಿಗೆ ಇನ್ನೊಂದು ಎಚ್ಚರ. ಕಳೆಗೆ ಸಿಕ್ಕಿದ ಕಪ್ಪೆ ಬಿಡಿಸಲು ನೀರಿಗೆ ಇಳಿಯಬೇಡಿ. ಹೂಳು, ಮಣ್ಣು ತೆಗೆದ ಕೆರೆಗಳಲ್ಲಿ ಆಳದ ಗುಂಡಿಗಳಿರುತ್ತವೆ, ಮೇಲೆ ಕಳೆ ಮುಚ್ಚಿರುವುದರಿಂದ ಗೊತ್ತೇ ಆಗುವುದಿಲ್ಲ. ಎಷ್ಟು ಜನ ಹೀಗೆ ಹೋಗಿದ್ದಾರೆ ಅಂತ ನಿಮ್ಮ ಪತ್ರಿಕೆಯಲ್ಲೇ ಓದುತ್ತೇವೆ. ಎರಡು-ಮೂರು ನೂರರ ರಬ್ಬರ್ ಹೋದರೆ ಹೋಗಲಿ. ಕಡಿದ ದಾರ ಕೈಗೆ ಸಿಕ್ಕಷ್ಟನ್ನು ಸುತ್ತಿಕೊಂಡು ಮನೆಗೆ ತನ್ನಿ, ದಂಡೆಯಲ್ಲಿ ಬಿಟ್ಟರೆ ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ, ಬ್ರೇಡ್ ದಾರ ಕೊಳೆಯುವುದಿಲ್ಲ.

ಮೀನುಗಾರಿಕೆ ಇಲಾಖೆಯವರಲ್ಲಿ, ಗ್ರಾಮ ಪಂಚಾಯಿತಿಗಳಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಒಳನಾಡು ಮೀನುಗಾರಿಕೆಗೆಂದೇ ನಮ್ಮ ರಾಜ್ಯದಲ್ಲಿ 1996ರ ಕಾಯ್ದೆ ಇದೆ. ಅದರ ಅಡಿಯಲ್ಲಿ ಗುತ್ತಿಗೆಯ ಕರಾರು ಬರೆಯುವಾಗ ಎರಡು ಸಾಲು ಸೇರಿಸಿ: ಜೀವಂತ ಕಪ್ಪೆ ಕಟ್ಟಿ ರಾತ್ರಿ ಗಾಳ ನೆಡುವಂತಿಲ್ಲ, ಮರಿ ಕಾಯುವ ಕೊರವವನ್ನು ಹಿಡಿಯುವಂತಿಲ್ಲ. ಒಡ್ಡಿನ ಮೇಲೆ ಕನ್ನಡದಲ್ಲಿ ಒಂದು ಬೋರ್ಡ್ ಹಾಕಿ, ಕೆಂಪು ಮರಿಗಳ ಗುಂಪಿನ ಚಿತ್ರ ಇರಲಿ. ಓದಲು ಬಾರದವರಿಗೂ, ಊರಿಗೆ ಹೊಸಬರಿಗೂ ತಿಳಿಯುತ್ತದೆ. ಹಾವೇರಿಯ ಹೆಗ್ಗೇರಿ ಕೆರೆ, ಗದಗ ಜಿಲ್ಲೆಯ ಡಂಬಳದ ಕೆರೆ, ಧಾರವಾಡದ ಕೆಲಗೇರಿ ಕೆರೆ, ಇಂಥ ಮೂರು-ನಾಲ್ಕು ಕಡೆ ಶುರು ಮಾಡಿದರೂ ಸಾಕು, ಉಳಿದ ಊರುಗಳವರು ನೋಡಿ ಕಲಿಯುತ್ತಾರೆ. ಗಾಳ ಹಾಕುವ ನಾವು ಕೆಲವರು ಬೋರ್ಡಿನ ಖರ್ಚು ಕೊಡಲು ತಯಾರಿದ್ದೇವೆ. ಜಾಗ ತೋರಿಸಿದರೆ ನೆಡುವ ಕೆಲಸವನ್ನೂ ಮಾಡುತ್ತೇವೆ.

ಸಂಪಾದಕರಲ್ಲೂ ಒಂದು ವಿನಂತಿ. ಮಳೆಗಾಲದಲ್ಲಿ ದೊಡ್ಡ ಕೊರವ ಎತ್ತಿ ಹಿಡಿದವರ ಫೋಟೊ ನಿಮ್ಮ ಕಚೇರಿಗೆ ಬರುತ್ತದೆ, ಓದುಗರಿಗೂ ಅದು ಇಷ್ಟ. ಅಚ್ಚು ಹಾಕುವ ಮೊದಲು ಕಳಿಸಿದವರಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಯಾವ ಕಪ್ಪೆಗೆ ಬಿತ್ತು, ಅದರ ಹತ್ತಿರ ಮರಿ ಇದ್ದವಾ.

ಇತಿ ತಮ್ಮ ವಿಶ್ವಾಸಿ,
ಗಾಳ ಹಾಕುವ ಒಬ್ಬ ಓದುಗ, ಧಾರವಾಡ